ಪಟ್ಟಿಯಲ್ಲೊಂದು ಹೆಸರು: ಪರಿಶಿಷ್ಟ ಪಂಗಡಗಳ ಆಯೋಗವನ್ನು ಕುರಿತು



ನಾನು ಓದಿದ್ದು ವಿಜ್ಞಾನ. ಬಿ.ಎಸ್ಸಿ. ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ನನ್ನ ವಿಷಯಗಳಾಗಿದ್ದವು. ಸಂವಿಧಾನವೆಂದರೆ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ ಮರುದಿನ ಮರೆತುಬಿಡುವ ಸಂಗತಿ ಎಂದೇ ಬಹಳ ಕಾಲ ತಿಳಿದಿದ್ದೆ. ಆ ತಿಳಿವಳಿಕೆ ತಪ್ಪೆಂದು ನನಗೆ ಕಲಿಸಿದ್ದು ಯಾವ ಗ್ರಂಥವೂ ಅಲ್ಲ, ಕಾಡಂಚಿನ ಒಂದು ಹಾಡಿ. ಆದ್ದರಿಂದ ಇಂದಿನ ವಿಷಯವನ್ನು ಅಲ್ಲಿಂದಲೇ ಪ್ರಾರಂಭಿಸುತ್ತೇನೆ.

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಬುಡಕಟ್ಟು ಜನರ ಹಾಡು ಮತ್ತು ಕುಣಿತಗಳ ಬಗ್ಗೆ ಅರ್ಧ ಗಂಟೆಯ ಕಾರ್ಯಕ್ರಮವೊಂದನ್ನು ತಯಾರಿಸಲು ನಮ್ಮ ತಂಡ ಮೈಸೂರು ಜಿಲ್ಲೆಯ ಒಂದು ಹಾಡಿಗೆ ಹೋಗಿತ್ತು. ಅಲ್ಲಿದ್ದವರು ಬೆಟ್ಟ ಕುರುಬರು. ಬಿದಿರಿನ ಕೆಲಸದಲ್ಲಿ ನುರಿತ ಕೈಗಳು. ಎರಡು ದಿನ ಅವರು ನಮಗಾಗಿ ಹಾಡಿದರು, ಕುಣಿದರು. ಬೆಳಕು ಸರಿಯಿಲ್ಲವೆಂದಾಗ ಬೇಸರಿಸದೆ ಮತ್ತೆ ಮತ್ತೆ ಕುಣಿದರು. ಮೂರನೆಯ ದಿನ ನಾವು ಸಾಮಾನು ಕಟ್ಟುತ್ತಿದ್ದಾಗ ಹಿರಿಯರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಕೆಲವು ಕಾಗದಗಳನ್ನು ತಂದು ನನ್ನ ಮುಂದೆ ಹಿಡಿದರು. "ನಮ್ ಕುಣಿತಾನೆಲ್ಲ ಹಿಡ್ಕಂಡ್ರಲ್ಲ ಸ್ವಾಮಿ, ಈ ಕಾಗ್ದಾನೂ ಒಸಿ ಹಿಡ್ಕಳಿ" ಎಂದರು.

ಅವು ಅವರ ಮೊಮ್ಮಗಳ ಕಾಗದಗಳು. ಹುಡುಗಿ ಹತ್ತನೆಯ ತರಗತಿ ಪಾಸಾಗಿದ್ದಳು. ಮುಂದೆ ಓದಲು ವಿದ್ಯಾರ್ಥಿನಿಲಯ ಬೇಕು, ವಿದ್ಯಾರ್ಥಿವೇತನ ಬೇಕು. ಅದಕ್ಕೆ ಜಾತಿ ಪ್ರಮಾಣಪತ್ರ ಬೇಕು. ಶಾಲೆಯ ದಾಖಲೆಯಲ್ಲಿ 'ಬೆಟ್ಟ ಕುರುಬ' ಎಂದು ಬರೆದಿತ್ತು. ಕಚೇರಿಯಲ್ಲಿದ್ದ ಪಟ್ಟಿಯಲ್ಲಿ 'ಕಾಡು ಕುರುಬ' ಎಂದಿತ್ತು, 'ಜೇನು ಕುರುಬ' ಎಂದಿತ್ತು, 'ಬೆಟ್ಟ ಕುರುಬ' ಎಂಬ ಹೆಸರು ಇರಲಿಲ್ಲ. ಅರ್ಜಿ ಮೂರು ಸಲ ವಾಪಸು ಬಂದಿತ್ತು. ಆ ಹಿರಿಯರಿಗೆ ಇದು ಅರ್ಥವೇ ಆಗಿರಲಿಲ್ಲ. ತಾವು ಯಾರೆಂಬುದು ಹಾಡಿಗೆ ಗೊತ್ತು, ಕಾಡಿಗೆ ಗೊತ್ತು, ಸುತ್ತಲ ಹತ್ತು ಹಳ್ಳಿಗೆ ಗೊತ್ತು. ಕಾಗದಕ್ಕೆ ಮಾತ್ರ ಏಕೆ ಗೊತ್ತಿಲ್ಲ ಎಂಬುದು ಅವರ ಪ್ರಶ್ನೆ.

ನಾನು ಆ ಮಾತುಗಳನ್ನು ಚಿತ್ರೀಕರಿಸಿಕೊಂಡೆ. ಆದರೆ ಸಂಕಲನದ ಹೊತ್ತಿಗೆ, ಇದು ಸಂಸ್ಕೃತಿಯ ಕಾರ್ಯಕ್ರಮ, ಅರ್ಜಿಯ ವಿಷಯ ಇದಕ್ಕೆ ಹೊಂದುವುದಿಲ್ಲ ಎಂದು ನಾನೇ ಕತ್ತರಿಸಿ ತೆಗೆದೆ. ಕಾರ್ಯಕ್ರಮ ಪ್ರಸಾರವಾಯಿತು. ಹಲವರು ಮೆಚ್ಚಿದರು. ಆ ಹುಡುಗಿ ಆ ವರ್ಷ ಕಾಲೇಜಿಗೆ ಸೇರಲಿಲ್ಲ, ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದಳೆಂದು ಅಲ್ಲಿನ ಶಾಲಾ ಶಿಕ್ಷಕರು ಆಮೇಲೆ ದೂರವಾಣಿಯಲ್ಲಿ ತಿಳಿಸಿದರು. ನಾನು ಕತ್ತರಿಸಿದ್ದು ಎರಡು ನಿಮಿಷದ ದೃಶ್ಯ. ಆದರೆ ಅಲ್ಲಿ ಮುಖ್ಯವಾಗಿದ್ದುದು ಆ ಎರಡು ನಿಮಿಷವೇ ಎಂಬುದು ನನಗೆ ತಡವಾಗಿ ತಿಳಿಯಿತು.

ಆ ಹಿರಿಯರು ನನ್ನ ಬಳಿಗೆ ಬಂದದ್ದು ನನ್ನ ಕೈಯಲ್ಲಿ ಕ್ಯಾಮರಾ ಇದ್ದುದರಿಂದ. ಅವರ ಅಹವಾಲನ್ನು ಕೇಳಲೆಂದೇ ನಮ್ಮ ಸಂವಿಧಾನ ಒಂದು ಸಂಸ್ಥೆಯನ್ನು ಏರ್ಪಡಿಸಿದೆ ಎಂಬುದು ಅವರಿಗೂ ತಿಳಿದಿರಲಿಲ್ಲ, ಪದವೀಧರನಾದ ನನಗೂ ತಿಳಿದಿರಲಿಲ್ಲ. ಆ ಸಂಸ್ಥೆಯ ಹೆಸರು ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗ. ಅದು ಹೇಗೆ ಹುಟ್ಟಿತು, ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಇಂದು ನೋಡೋಣ.

ಮೊದಲು 'ಪರಿಶಿಷ್ಟ ಪಂಗಡ' ಎಂಬ ಮಾತಿನ ಅರ್ಥ. ಬುಡಕಟ್ಟು, ಗಿರಿಜನ, ಆದಿವಾಸಿ ಎಂದು ನಾವು ಬೇರೆ ಬೇರೆ ಪದಗಳನ್ನು ಬಳಸುತ್ತೇವೆ. ಕಾನೂನಿನ ಕಣ್ಣಿಗೆ ಕಾಣುವುದು ಮಾತ್ರ ಪರಿಶಿಷ್ಟ ಪಂಗಡ ಎಂಬ ಪದ. 'ಪರಿಶಿಷ್ಟ' ಎಂದರೆ ಪಟ್ಟಿಯಲ್ಲಿ ಸೇರಿದ್ದು ಎಂದರ್ಥ. ಸಂವಿಧಾನದ 342ನೇ ವಿಧಿಯಂತೆ ಪ್ರತಿ ರಾಜ್ಯಕ್ಕೂ ಯಾವ ಯಾವ ಸಮುದಾಯಗಳು ಪರಿಶಿಷ್ಟ ಪಂಗಡಗಳೆಂಬುದನ್ನು ರಾಷ್ಟ್ರಪತಿಗಳು ಅಧಿಸೂಚನೆಯ ಮೂಲಕ ಪ್ರಕಟಿಸುತ್ತಾರೆ. ಒಮ್ಮೆ ಪ್ರಕಟವಾದ ಪಟ್ಟಿಗೆ ಒಂದು ಹೆಸರನ್ನು ಸೇರಿಸಬೇಕಾದರೂ ತೆಗೆಯಬೇಕಾದರೂ ಸಂಸತ್ತು ಕಾನೂನು ಮಾಡಬೇಕು. ಅಧಿಕಾರಿಗೆ ಆ ಹಕ್ಕಿಲ್ಲ, ಮಂತ್ರಿಗೆ ಇಲ್ಲ, ನ್ಯಾಯಾಲಯಕ್ಕೂ ಇಲ್ಲ. ಪಟ್ಟಿಯಲ್ಲಿ ಹೇಗೆ ಬರೆದಿದೆಯೋ ಹಾಗೆಯೇ ಓದಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2000ದಲ್ಲಿ ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ. ನಮ್ಮ ಲಂಬಾಣಿ ಜನರನ್ನೇ ನೋಡಿ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ; ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿದ್ದಾರೆ. ಜನ ಅವರೇ, ಮಾತು ಅದೇ, ಉಡುಗೆ ಅದೇ. ಬದಲಾಗಿರುವುದು ಪಟ್ಟಿ.

2011ರ ಜನಗಣತಿಯಂತೆ ದೇಶದಲ್ಲಿ ಪರಿಶಿಷ್ಟ ಪಂಗಡಗಳ ಜನಸಂಖ್ಯೆ ಸುಮಾರು 10.4 ಕೋಟಿ, ಒಟ್ಟು ಜನಸಂಖ್ಯೆಯಲ್ಲಿ ಶೇ. 8.6. ಕರ್ನಾಟಕದಲ್ಲಿ ಸುಮಾರು 42.5 ಲಕ್ಷ, ಶೇ. 7ರ ಹತ್ತಿರ. ಇವರಲ್ಲಿ ಅತ್ಯಂತ ದುರ್ಬಲ ಸ್ಥಿತಿಯಲ್ಲಿರುವ 75 ಗುಂಪುಗಳನ್ನು ಕೇಂದ್ರ ಸರ್ಕಾರ ಪ್ರತ್ಯೇಕವಾಗಿ ಗುರುತಿಸಿದೆ. ನಮ್ಮ ರಾಜ್ಯದ ಜೇನು ಕುರುಬರು ಮತ್ತು ಕೊರಗರು ಆ 75ರಲ್ಲಿ ಸೇರಿದ್ದಾರೆ.

ಇನ್ನು ಆಯೋಗದ ಹುಟ್ಟಿನ ಕಥೆ. ಸಂವಿಧಾನ ರಚನಾ ಸಭೆಯಲ್ಲಿ ಆದಿವಾಸಿಗಳ ಪರವಾಗಿ ಗಟ್ಟಿಯಾಗಿ ಮಾತಾಡಿದವರು ಜೈಪಾಲ್ ಸಿಂಗ್ ಮುಂಡಾ. ಛೋಟಾನಾಗಪುರದ ಮುಂಡಾ ಬುಡಕಟ್ಟಿನವರು; 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಭಾರತದ ಹಾಕಿ ತಂಡದ ನಾಯಕರಾಗಿದ್ದವರು. 1946ರ ಡಿಸೆಂಬರ್‌ನಲ್ಲಿ ಅವರು ಸಭೆಯ ಮುಂದೆ ಇಟ್ಟ ವಾದ ಇದು: ಆದಿವಾಸಿಗಳಿಗೆ ನೀವು ಪ್ರಜಾಪ್ರಭುತ್ವವನ್ನು ಕಲಿಸಬೇಕಾಗಿಲ್ಲ, ಅದನ್ನು ಅವರಿಂದಲೇ ಕಲಿಯಬೇಕು, ಸಾವಿರಾರು ವರ್ಷಗಳಿಂದ ಅವರಿಗೆ ಅನ್ಯಾಯವಾಗಿದೆ, ಆದರೂ ಹೊಸ ಭಾರತದ ಮಾತನ್ನು ನಂಬಲು ಅವರು ಸಿದ್ಧರಿದ್ದಾರೆ. ಆ ನಂಬಿಕೆಗೆ ಉತ್ತರವಾಗಿ ಸಂವಿಧಾನದಲ್ಲಿ ಹಲವು ರಕ್ಷಣೆಗಳು ಬಂದವು. ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ, ಲೋಕಸಭೆ ಹಾಗೂ ವಿಧಾನಸಭೆಗಳಲ್ಲಿ ಮೀಸಲು ಸ್ಥಾನ, ಆದಿವಾಸಿ ಪ್ರದೇಶಗಳ ಆಡಳಿತಕ್ಕೆ ಐದನೆಯ ಮತ್ತು ಆರನೆಯ ಅನುಸೂಚಿಗಳು, ಇತ್ಯಾದಿ.

ರಕ್ಷಣೆಗಳನ್ನು ಬರೆದಿಟ್ಟರೆ ಸಾಲದು, ಅವು ನಡೆಯುತ್ತಿವೆಯೇ ಎಂದು ನೋಡುವವರು ಬೇಕು. ಪ್ರಯೋಗಶಾಲೆಯಲ್ಲಿ ಪ್ರಯೋಗ ಮಾಡಿದವರು ನೀವು. ಉಷ್ಣತೆಯನ್ನು ನಿಗದಿಪಡಿಸಿ ಹೊರಟುಹೋದರೆ ಪ್ರಯೋಗ ಮುಗಿಯುವುದಿಲ್ಲ; ಉಷ್ಣಮಾಪಕವನ್ನು ಆಗಾಗ ನೋಡಿ ಬರೆದುಕೊಳ್ಳಬೇಕು. ಸಂವಿಧಾನದ 338ನೇ ವಿಧಿ ಆ ಕೆಲಸಕ್ಕಾಗಿ ಒಬ್ಬ ವಿಶೇಷ ಅಧಿಕಾರಿಯನ್ನು ನೇಮಿಸಲು ಹೇಳಿತು. ಅವರನ್ನು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಆಯುಕ್ತರೆಂದು ಕರೆದರು. ಮೊದಲ ಆಯುಕ್ತರಾಗಿ ಎಲ್. ಎಂ. ಶ್ರೀಕಾಂತ್ ಅವರು 1950ರ ನವೆಂಬರ್ 18ರಂದು ನೇಮಕಗೊಂಡರು.

ಇಡೀ ದೇಶಕ್ಕೆ ಒಬ್ಬ ಆಯುಕ್ತರು! ಮೊದಮೊದಲು ಅವರ ಕೈಕೆಳಗೆ ಪ್ರಾದೇಶಿಕ ಕಚೇರಿಗಳಿದ್ದವು. 1967ರಲ್ಲಿ ಆ ಕಚೇರಿಗಳು ಬೇರೊಂದು ನಿರ್ದೇಶನಾಲಯದ ವಶಕ್ಕೆ ಹೋದವು. ನೋಡುವ ಕಣ್ಣು ದೆಹಲಿಯಲ್ಲಿ ಉಳಿಯಿತು, ನಡೆಯುವ ಕಾಲು ಇಲ್ಲವಾಯಿತು. ಸಂಸತ್ ಸದಸ್ಯರ ಒತ್ತಾಯದಿಂದ 1978ರಲ್ಲಿ ಸರ್ಕಾರ ಬಹುಸದಸ್ಯರ ಆಯೋಗವೊಂದನ್ನು ರಚಿಸಿತು. ಭೋಲಾ ಪಾಸ್ವಾನ್ ಶಾಸ್ತ್ರಿ ಅದರ ಅಧ್ಯಕ್ಷರು. ಆದರೆ ಅದು ಸರ್ಕಾರಿ ನಿರ್ಣಯದಿಂದ ಹುಟ್ಟಿದ ಆಯೋಗ. ಸರ್ಕಾರ ಮಾಡಿದ್ದನ್ನು ಸರ್ಕಾರವೇ ಮುಚ್ಚಬಹುದು. ಸಂವಿಧಾನದ ಬಲ ಅದಕ್ಕಿರಲಿಲ್ಲ.

ಈ ನಡುವೆ ಆಯುಕ್ತರ ಹುದ್ದೆಯೂ ಮುಂದುವರಿದಿತ್ತು. ಆ ಹುದ್ದೆಯ ಕೊನೆಯ ಆಯುಕ್ತರು ಡಾ. ಬಿ. ಡಿ. ಶರ್ಮಾ. ಗಣಿತದಲ್ಲಿ ಡಾಕ್ಟರೇಟ್ ಪಡೆದವರು, ಬಸ್ತರ್‌ನಲ್ಲಿ ಜಿಲ್ಲಾಧಿಕಾರಿಯಾಗಿ ಕೆಲಸ ಮಾಡಿದವರು. ಆದಿವಾಸಿಗಳ ಭೂಮಿ, ಕಾಡು ಮತ್ತು ಸ್ಥಳಾಂತರಗಳ ಬಗ್ಗೆ ಅವರು ಬರೆದ ವರದಿಗಳು, ಅದರಲ್ಲೂ 29ನೆಯ ವರದಿ, ಇಂದಿಗೂ ವಿದ್ವಾಂಸರು ಹುಡುಕಿ ಓದುವ ದಾಖಲೆಗಳು. ಒಬ್ಬ ಅಧಿಕಾರಿ ಕಂಡದ್ದನ್ನು ಕಂಡಂತೆ ಬರೆದರೆ ಸರ್ಕಾರಿ ವರದಿಯೂ ಎಷ್ಟು ತೂಕ ಪಡೆಯಬಹುದೆಂಬುದಕ್ಕೆ ಅದು ಸಾಕ್ಷಿ.

1990ರಲ್ಲಿ ಸಂವಿಧಾನಕ್ಕೆ 65ನೇ ತಿದ್ದುಪಡಿಯಾಯಿತು. ಒಬ್ಬ ಅಧಿಕಾರಿಯ ಜಾಗದಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ರಾಷ್ಟ್ರೀಯ ಆಯೋಗ ಬಂದಿತು; 1992ರ ಮಾರ್ಚ್ 12ರಂದು ಅದು ಅಸ್ತಿತ್ವಕ್ಕೆ ಬಂತು. ಆದರೆ ಎರಡು ವರ್ಗಗಳ ಸಮಸ್ಯೆಗಳು ಒಂದೇ ಬಗೆಯವಲ್ಲ. ಪರಿಶಿಷ್ಟ ಜಾತಿಗಳ ನೋವಿನ ಮೂಲ ಅಸ್ಪೃಶ್ಯತೆ. ಊರಿನ ಒಳಗೇ ಇದ್ದು ಹೊರಗಿಟ್ಟದ್ದು. ಪರಿಶಿಷ್ಟ ಪಂಗಡಗಳ ನೋವಿನ ಮೂಲ ಬಹುಮಟ್ಟಿಗೆ ಕಾಡು ಮತ್ತು ನೆಲ. ಇದ್ದ ಜಾಗದಿಂದಲೇ ಎಬ್ಬಿಸಿದ್ದು. ಆದ್ದರಿಂದ 2003ರ 89ನೇ ತಿದ್ದುಪಡಿಯಿಂದ ಆಯೋಗ ಎರಡಾಯಿತು. 338ಎ ಎಂಬ ಹೊಸ ವಿಧಿ ಸೇರಿತು. 2004ರ ಫೆಬ್ರವರಿ 19ರಿಂದ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗ ಪ್ರತ್ಯೇಕವಾಗಿ ಕೆಲಸ ಮಾಡುತ್ತಿದೆ. ಒಬ್ಬ ಅಧ್ಯಕ್ಷರು, ಒಬ್ಬ ಉಪಾಧ್ಯಕ್ಷರು, ಮೂವರು ಸದಸ್ಯರು. ಸದಸ್ಯರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಅವರನ್ನು ನೇಮಿಸುವವರು ರಾಷ್ಟ್ರಪತಿಗಳು. ಅವಧಿ ಮೂರು ವರ್ಷ.

ಆಯೋಗದ ಕೆಲಸಗಳೇನು? ಸರಳವಾಗಿ ಹೇಳುವುದಾದರೆ ನಾಲ್ಕು. ಒಂದು, ಪರಿಶಿಷ್ಟ ಪಂಗಡಗಳಿಗೆ ಸಂವಿಧಾನ ಮತ್ತು ಕಾನೂನುಗಳು ಕೊಟ್ಟಿರುವ ರಕ್ಷಣೆಗಳು ನಡೆಯುತ್ತಿವೆಯೇ ಎಂದು ಗಮನಿಸುವುದು. ಎರಡು, ಹಕ್ಕು ಕಳೆದುಕೊಂಡವರ ದೂರುಗಳನ್ನು ವಿಚಾರಿಸುವುದು. ಮೂರು, ಅವರ ಅಭಿವೃದ್ಧಿಯ ಯೋಜನೆಗಳಲ್ಲಿ ಭಾಗವಹಿಸಿ ಸಲಹೆ ಕೊಡುವುದು. ನಾಲ್ಕು, ಪ್ರತಿ ವರ್ಷ, ಅಗತ್ಯವೆನಿಸಿದಾಗ ನಡುವೆಯೂ, ರಾಷ್ಟ್ರಪತಿಗಳಿಗೆ ವರದಿ ಸಲ್ಲಿಸುವುದು. 2005ರಲ್ಲಿ ಇನ್ನೂ ಕೆಲವು ಹೊಣೆಗಳು ಸೇರಿದವು: ಕಿರು ಅರಣ್ಯ ಉತ್ಪನ್ನಗಳ ಮೇಲಿನ ಹಕ್ಕು, ಭೂಮಿ ಪರಭಾರೆಯಾಗದಂತೆ ತಡೆ, ಯೋಜನೆಗಳಿಂದ ನೆಲೆ ಕಳೆದುಕೊಂಡವರ ಪುನರ್ವಸತಿ, ಮುಂತಾದವು.

ವಿಚಾರಣೆ ನಡೆಸುವಾಗ ಆಯೋಗಕ್ಕೆ ಸಿವಿಲ್ ನ್ಯಾಯಾಲಯದ ಕೆಲವು ಅಧಿಕಾರಗಳಿವೆ. ದೇಶದ ಯಾವ ಮೂಲೆಯಿಂದಲಾದರೂ ಯಾರನ್ನೇ ಆಗಲಿ ಸಮನ್ಸ್ ಕಳಿಸಿ ಕರೆಸಬಹುದು. ಪ್ರಮಾಣ ಮಾಡಿಸಿ ಹೇಳಿಕೆ ಪಡೆಯಬಹುದು. ಕಡತಗಳನ್ನು ತರಿಸಿಕೊಳ್ಳಬಹುದು. ಒಬ್ಬ ಹಿರಿಯ ಅಧಿಕಾರಿ 'ಕಡತ ಸಿಗುತ್ತಿಲ್ಲ' ಎಂದು ಬಡವನಿಗೆ ಹೇಳಿ ಕಳಿಸಬಹುದು. ಆಯೋಗಕ್ಕೆ ಹಾಗೆ ಹೇಳಿ ಸುಮ್ಮನಿರಲು ಬಾರದು. ಇನ್ನೊಂದು ಮುಖ್ಯ ಮಾತನ್ನು ಸಂವಿಧಾನವೇ ಹೇಳಿದೆ: ಪರಿಶಿಷ್ಟ ಪಂಗಡಗಳಿಗೆ ಸಂಬಂಧಿಸಿದ ಎಲ್ಲ ಪ್ರಮುಖ ನೀತಿ ವಿಷಯಗಳಲ್ಲಿ ಕೇಂದ್ರವೂ ಪ್ರತಿ ರಾಜ್ಯ ಸರ್ಕಾರವೂ ಆಯೋಗದೊಡನೆ ಸಮಾಲೋಚಿಸಬೇಕು.

ಇಷ್ಟೆಲ್ಲ ಕೇಳಿದ ಮೇಲೆ ನೀವು ಕೇಳಬಹುದು: "ಹಾಗಾದರೆ ಆಯೋಗ ಆಜ್ಞೆ ಮಾಡಿದರೆ ಕೆಲಸ ಆಗಿಯೇ ತೀರುತ್ತದೆಯೇ?" ಇಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ನ್ಯಾಯಾಲಯದ ಅಧಿಕಾರ ಇರುವುದು ಸತ್ಯವನ್ನು ಹುಡುಕಿ ತೆಗೆಯುವುದಕ್ಕೆ ಮಾತ್ರ, ತೀರ್ಪು ಕೊಡುವುದಕ್ಕಲ್ಲ. ಬ್ಯಾಂಕ್ ನೌಕರರ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿಯೇ, ಆಗ ಒಂದಾಗಿದ್ದ ಆಯೋಗದ ಬಗ್ಗೆ ಹೀಗೆ ಹೇಳಿತು: ವಿಚಾರಣೆಯ ಅಧಿಕಾರವಿದೆ ಎಂದ ಮಾತ್ರಕ್ಕೆ ಅದು ತಡೆಯಾಜ್ಞೆ ಕೊಡಲಾರದು. ಆಯೋಗ ಕೊಡುವುದು ಶಿಫಾರಸು. ಅದರ ವರದಿ ಸಂಸತ್ತಿನ ಎರಡೂ ಸದನಗಳ ಮುಂದೆ ಬರಬೇಕು. ರಾಜ್ಯಕ್ಕೆ ಸಂಬಂಧಿಸಿದ ಭಾಗ ವಿಧಾನಮಂಡಲದ ಮುಂದೆ ಬರಬೇಕು. ಯಾವ ಶಿಫಾರಸನ್ನು ಒಪ್ಪಿಲ್ಲವೋ ಅದಕ್ಕೆ ಕಾರಣವನ್ನು ಸರ್ಕಾರ ಬರೆದು ಒಪ್ಪಿಸಬೇಕು. ಆದರೆ ಎಷ್ಟು ದಿನದೊಳಗೆ ಎಂದು ಸಂವಿಧಾನ ಹೇಳಿಲ್ಲ. ಹೀಗಾಗಿ ವರದಿಗಳು ಸದನದ ಮೇಜಿಗೆ ಬರುವಷ್ಟರಲ್ಲಿ ಕೆಲವು ಸಲ ವರ್ಷಗಳೇ ಕಳೆದಿರುತ್ತವೆ. ಸದಸ್ಯರ ಸ್ಥಾನಗಳು ಖಾಲಿ ಬಿದ್ದಿದ್ದ ದಿನಗಳೂ ಇವೆ.

ಹಾಗಾದರೆ ಇದು ಹಲ್ಲಿಲ್ಲದ ಹುಲಿಯೇ? ನಾನು ಹಾಗೆ ಹೇಳಲಾರೆ. ಉಷ್ಣಮಾಪಕ ಜ್ವರವನ್ನು ಇಳಿಸುವುದಿಲ್ಲ ನಿಜ. ಆದರೆ ಜ್ವರ ಎಷ್ಟಿದೆ ಎಂದು ಬರೆದಿಟ್ಟ ಮೇಲೆ, ಜ್ವರವೇ ಇಲ್ಲವೆಂದು ಯಾರೂ ವಾದಿಸುವಂತಿಲ್ಲ. ಗೋದಾವರಿಯ ಮೇಲೆ ಕಟ್ಟುತ್ತಿರುವ ಪೋಲಾವರಂ ಅಣೆಕಟ್ಟಿನಿಂದ ನೆಲೆ ಕಳೆದುಕೊಳ್ಳುವವರಲ್ಲಿ ದೊಡ್ಡ ಪಾಲು ಆದಿವಾಸಿಗಳು. ಅವರ ಸ್ಥಿತಿಯ ಬಗ್ಗೆ ಆಯೋಗ 2018ರಲ್ಲಿ ರಾಷ್ಟ್ರಪತಿಗಳಿಗೆ ವಿಶೇಷ ವರದಿ ಸಲ್ಲಿಸಿತು. ಒಬ್ಬ ಮುಳುಗಡೆ ರೈತನ ದೂರು ತಾಲ್ಲೂಕು ಕಚೇರಿಯ ಕಪಾಟಿನಲ್ಲಿ ಇರುವುದಕ್ಕೂ, ಅದು ರಾಷ್ಟ್ರಪತಿಗಳಿಗೆ ಸಲ್ಲುವ ದಾಖಲೆಯಾಗುವುದಕ್ಕೂ ವ್ಯತ್ಯಾಸವಿದೆ. ನಾಳೆ ನ್ಯಾಯಾಲಯದಲ್ಲಾಗಲಿ ಸಂಸತ್ತಿನಲ್ಲಾಗಲಿ ಯಾರಾದರೂ ಕೇಳಿದರೆ ತೋರಿಸಲು ಒಂದು ಆಧಾರವಿದೆ.

ಆಯೋಗವೊಂದೇ ಎಲ್ಲವನ್ನೂ ಮಾಡಬೇಕಾಗಿಯೂ ಇಲ್ಲ. ಅದರ ಜೊತೆಗೆ ಕಾನೂನುಗಳಿವೆ. 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. 2006ರ ಅರಣ್ಯ ಹಕ್ಕುಗಳ ಕಾಯ್ದೆ ಇದೆ. ಈ ಎರಡನೆಯ ಕಾಯ್ದೆಯ ಬಲದಿಂದಲೇ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಕಾಡಿನ ಮೇಲೆ ಸಮುದಾಯ ಹಕ್ಕುಪತ್ರಗಳನ್ನು ಪಡೆದರು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿಕಾಯಿ ಸಂಗ್ರಹಿಸುವುದು ಅಪರಾಧವಾಗಿದ್ದ ಜಾಗದಲ್ಲಿ ಅದು ಹಕ್ಕಾಯಿತು. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿಗಾರಿಕೆ ಬೇಕೇ ಬೇಡವೇ ಎಂಬುದನ್ನು ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹನ್ನೆರಡು ಗ್ರಾಮಸಭೆಗಳು ಸೇರಿದವು. ಹನ್ನೆರಡೂ ಬೇಡವೆಂದವು. ಡೋಂಗ್ರಿಯಾ ಕೊಂಧರು ತಮ್ಮ ದೇವರ ಬೆಟ್ಟವನ್ನು ಉಳಿಸಿಕೊಂಡರು. ಪ್ರಜಾಪ್ರಭುತ್ವವನ್ನು ಆದಿವಾಸಿಗಳಿಂದ ಕಲಿಯಬೇಕೆಂದ ಜೈಪಾಲ್ ಸಿಂಗ್ ಅವರ ಮಾತು ನನಗೆ ಇಲ್ಲಿ ನೆನಪಾಗುತ್ತದೆ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಕರಾವಳಿಯ ಕೊರಗರ ಮೇಲೆ 'ಅಜಲು' ಎಂಬ ಹೀನ ಪದ್ಧತಿಯನ್ನು ಹೇರಲಾಗಿತ್ತು. ಬೇರೆಯವರ ರೋಗ ಮತ್ತು ಪೀಡೆ ತಗಲಲಿ ಎಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುತ್ತಿದ್ದರು. ಇದನ್ನು ನಿಷೇಧಿಸಲು ಕರ್ನಾಟಕ 2000ದಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಸ್ವಾತಂತ್ರ್ಯ ಬಂದು ಐವತ್ತು ವರ್ಷ ದಾಟಿದ ಮೇಲೆ! ಕಾನೂನು ಪುಸ್ತಕದಲ್ಲಿ ಸೇರಿದ ದಿನವೇ ಪದ್ಧತಿ ಊರಿನಿಂದ ಹೋಗುವುದಿಲ್ಲ. ಹೋಯಿತೇ ಇಲ್ಲವೇ ಎಂದು ವಿಚಾರಿಸುತ್ತಿರಬೇಕು. ಗಮನಿಸುವುದು ಎಂಬ ಆಯೋಗದ ಮೊದಲ ಕೆಲಸದ ಬೆಲೆ ಇಲ್ಲಿ ತಿಳಿಯುತ್ತದೆ.

ಈಗ ಮತ್ತೆ ನಮ್ಮ ಹಾಡಿಯ ಕಾಗದಕ್ಕೆ ಬರೋಣ. ಒಂದು ಹೆಸರು ಪಟ್ಟಿಗೆ ಸೇರುವ ದಾರಿ ಹೀಗಿದೆ. ಮೊದಲು ರಾಜ್ಯ ಸರ್ಕಾರ ಅಧ್ಯಯನ ಮಾಡಿಸಿ ಶಿಫಾರಸು ಕಳಿಸಬೇಕು. ಅದನ್ನು ಜನಗಣತಿಯ ಮುಖ್ಯಸ್ಥರಾದ ರಿಜಿಸ್ಟ್ರಾರ್ ಜನರಲ್ ಒಪ್ಪಬೇಕು. ಬಳಿಕ ಪರಿಶಿಷ್ಟ ಪಂಗಡಗಳ ಆಯೋಗ ಒಪ್ಪಬೇಕು. ಆಮೇಲೆ ಕೇಂದ್ರ ಸಚಿವ ಸಂಪುಟ, ಸಂಸತ್ತು, ರಾಷ್ಟ್ರಪತಿಗಳ ಅಂಕಿತ. ಎಲ್ಲಿ ಒಬ್ಬರು ಪ್ರಶ್ನೆ ಎತ್ತಿದರೂ ಕಡತ ಹಿಂದಕ್ಕೆ ಬರುತ್ತದೆ. ಉತ್ತರ ಕನ್ನಡದ ಸಿದ್ದಿಯರನ್ನು ತೆಗೆದುಕೊಳ್ಳಿ. ಅವರ ಪೂರ್ವಿಕರು ಆಫ್ರಿಕದಿಂದ ಬಂದವರು. ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ತಲೆಮಾರುಗಳಿಂದ ಕನ್ನಡ, ಕೊಂಕಣಿ ಆಡಿಕೊಂಡು ಬಾಳಿದವರು. ಅವರ ಹೆಸರು ಪಟ್ಟಿಗೆ ಸೇರಿದ್ದು 2003ರಲ್ಲಿ.

ಇಷ್ಟೊಂದು ಬಾಗಿಲುಗಳು ಏಕೆ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ಬಾಗಿಲು ತೀರ ಅಗಲವಾದರೆ ಬಲಾಢ್ಯರು ನುಗ್ಗಿ ದುರ್ಬಲರ ಪಾಲನ್ನು ತಿನ್ನುತ್ತಾರೆ. ಸುಳ್ಳು ಪ್ರಮಾಣಪತ್ರಗಳ ಹಾವಳಿಯನ್ನು ಕಂಡೇ ಸುಪ್ರೀಂ ಕೋರ್ಟ್ 1994ರಲ್ಲಿ ಪರಿಶೀಲನಾ ಸಮಿತಿಗಳನ್ನು ರಚಿಸುವಂತೆ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಆದರೆ ಕಳ್ಳನನ್ನು ತಡೆಯಲು ಹಾಕಿದ ಬೀಗ ಮನೆಯವರನ್ನೇ ಹೊರಗೆ ನಿಲ್ಲಿಸಬಾರದು. ಯಾರು ಬುಡಕಟ್ಟಿನವರು ಎಂದು ನಿರ್ಧರಿಸಲು ಬಳಸುವ ಅಳತೆಗೋಲು 1965ರ ಲೋಕೂರ್ ಸಮಿತಿಯದು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಈ ಅಳತೆಗೋಲು ಇಂದಿಗೂ ಸರಿಯೇ? ಹಾಡಿಯ ಹುಡುಗಿ ಶಾಲೆಗೆ ಹೋಗಿ, ಸಂಕೋಚ ಬಿಟ್ಟು ಎಲ್ಲರೊಡನೆ ಮಾತಾಡಿದರೆ ಅವಳು ಬುಡಕಟ್ಟಿನವಳಲ್ಲವೆಂದು ಹೇಳುತ್ತೀರಾ? ಇದು ನಿಮ್ಮ ಚರ್ಚಾಕೂಟಗಳಲ್ಲಿ ವಾದಿಸಬೇಕಾದ ಪ್ರಶ್ನೆ.

ಬೆಟ್ಟ ಕುರುಬರ ಕಡತವೂ ಈ ಎಲ್ಲ ಬಾಗಿಲುಗಳನ್ನು ದಾಟಿತು. 2022ರ ಡಿಸೆಂಬರ್‌ನಲ್ಲಿ ಲೋಕಸಭೆ ಮತ್ತು ರಾಜ್ಯಸಭೆಗಳು ಮಸೂದೆಯನ್ನು ಅಂಗೀಕರಿಸಿದವು. ಕರ್ನಾಟಕದ ಪಟ್ಟಿಯಲ್ಲಿ 'ಕಾಡು ಕುರುಬ' ಎಂಬ ಹೆಸರಿನ ಪಕ್ಕದಲ್ಲಿ ಅದರ ಸಮಾನಪದವಾಗಿ 'ಬೆಟ್ಟ ಕುರುಬ' ಎಂಬ ಹೆಸರು ಬಂತು. ಎರಡೇ ಪದ. ಮುದ್ರಣದಲ್ಲಿ ಅರ್ಧ ಅಂಗುಲವೂ ಇಲ್ಲ. ಆ ಸುದ್ದಿಯನ್ನು ಓದಿದ ದಿನ ನಾನು ನನ್ನ ಹಳೆಯ ಟಿಪ್ಪಣಿ ಪುಸ್ತಕವನ್ನು ಹುಡುಕಿ ತೆಗೆದೆ. ಆ ಹುಡುಗಿಯ ಹೆಸರು, ಪಡೆದ ಅಂಕಗಳು, ಅರ್ಜಿಯ ತಾರೀಖು ಎಲ್ಲವನ್ನೂ ಬರೆದುಕೊಂಡಿದ್ದೆ; ಉಪಯೋಗಿಸಿರಲಿಲ್ಲ. ಅವಳ ಪಾಲಿಗೆ ಕಾನೂನು ತಡವಾಗಿ ಬಂತು. ಅವಳ ಹಿಂದೆ ಆ ಶಾಲೆಯಲ್ಲಿ ಕೂತಿದ್ದ ಮಕ್ಕಳಿಗೆ ತಡವಾಗಲಿಲ್ಲ ಎಂಬುದಷ್ಟೇ ಸಮಾಧಾನ.

ಕೊನೆಯದಾಗಿ, ನೀವೇನು ಮಾಡಬಹುದು? ನಿಮ್ಮಲ್ಲಿ ಕೆಲವರು ಪರಿಶಿಷ್ಟ ಪಂಗಡಗಳಿಗೆ ಸೇರಿದವರೇ ಇರುತ್ತೀರಿ. ಕೆಲವರ ತರಗತಿಯಲ್ಲಿ ಅಂಥ ಸಹಪಾಠಿಗಳಿರುತ್ತಾರೆ. ಹಕ್ಕಿಗೆ ಚ್ಯುತಿ ಬಂದಾಗ ಆಯೋಗಕ್ಕೆ ದೂರು ಬರೆಯಲು ವಕೀಲರು ಬೇಕಿಲ್ಲ, ಶುಲ್ಕವೂ ಇಲ್ಲ. ಒಂದು ಹಾಳೆಯಲ್ಲಿ ಹೆಸರು, ವಿಳಾಸ, ಸಮುದಾಯ, ಯಾವ ಹಕ್ಕಿಗೆ ಯಾವ ಕಚೇರಿಯಿಂದ ಯಾವ ದಿನ ತೊಂದರೆಯಾಯಿತು ಎಂಬುದನ್ನು ಸ್ಪಷ್ಟವಾಗಿ ಬರೆದು, ದಾಖಲೆಗಳ ನಕಲುಗಳನ್ನು ಲಗತ್ತಿಸಿ ನವದೆಹಲಿಯ ಕಚೇರಿಗೆ ಕಳಿಸಿದರೆ ಸಾಕು. ನ್ಯಾಯಾಲಯದ ಮುಂದಿರುವ ವಿಷಯಗಳನ್ನು ಮಾತ್ರ ಆಯೋಗ ಕೈಗೆತ್ತಿಕೊಳ್ಳುವುದಿಲ್ಲ. 2002ರ ಕಾಯ್ದೆಯಂತೆ ನಮ್ಮ ರಾಜ್ಯಕ್ಕೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಆಯೋಗವೊಂದಿದೆ. ಅದರ ಕಚೇರಿ ಬೆಂಗಳೂರಿನಲ್ಲಿದೆ. ಓದು ಬರಹ ಬಲ್ಲ ನೀವು ಓದು ಬರಹ ಬಾರದ ಒಬ್ಬರಿಗೆ ಇಂಥ ಒಂದು ಹಾಳೆ ಬರೆದುಕೊಟ್ಟರೆ ಅದು ಪೌರನೀತಿಯ ನಿಜವಾದ ಪಾಠ.

ಬುಡಕಟ್ಟು ಜನರ ಬಗ್ಗೆ ಕಾರ್ಯಕ್ರಮ ಬಂದಾಗ ನೀವು ಅವರ ಕುಣಿತವನ್ನು ನೋಡಿ ಸಂತೋಷಪಡಿ. ಖಂಡಿತ ಅದು ನೋಡತಕ್ಕದ್ದೇ. ಆದರೆ ಕುಣಿತ ಮುಗಿದ ಮೇಲೆ ಅವರ ಕೈಯಲ್ಲಿ ಯಾವ ಕಾಗದವಿದೆ, ಅದರಲ್ಲಿ ಏನು ಬರೆದಿದೆ ಎಂದೂ ಕೇಳಿ. ಅಂಥ ದೃಶ್ಯವನ್ನು ನಾನು ಈಗ ಕತ್ತರಿಸುವುದಿಲ್ಲ.